ಕೂಬಾ ರಾಣಿಯ ಮುಂದೆ ಬಿಟ್ಟ ಚಪ್ಪಲಿ

ಅವ್ವ ಈ ದೇಶಕ್ಕೆ ಬಂದದ್ದು ಒಂದೇ ಸಲ, ನನ್ನ ಮಗಳು ಹುಟ್ಟಿದಾಗ. ಅವಳು ಇಲ್ಲಿದ್ದ ದಿನಗಳಲ್ಲಿ ನನಗೆ ಖಚಿತವಾಗಿ ನೆನಪಿರುವುದು ಒಂದೇ ಸಂಗತಿ. ಮೊನ್ನೆ ಈಸ್ಟ್ ಬ್ರನ್ಸ್‌ವಿಕ್‌ನ ಮನೆಯಲ್ಲಿ ಅವಳ ವರ್ಷದ ಶ್ರಾದ್ಧದ ಊಟವಾದ ಮೇಲೆ ಅದನ್ನು ಹೇಳಿದೆ.

ಮ್ಯಾನ್‌ಹಟನ್‌ನ ಒಂದು ಮ್ಯೂಸಿಯಂನಲ್ಲಿ ಕಾಂಗೋದ ಕೂಬಾ ಜನರ ಮೂರು ಮುಖವಾಡಗಳಿದ್ದವು. ಒಂದು ರಾಜನದು, ಇನ್ನೊಂದು ಅವನ ತಂಗಿಯೂ ಹೆಂಡತಿಯೂ ಆದವಳದು, ಮೂರನೆಯದು ರಾಜನಿಗೆ ಎದುರು ನಿಲ್ಲುವ ಸಾಮಾನ್ಯನದು. ಈ ಕೊನೆಯದಕ್ಕೆ ಕಣ್ಣಿನ ತೂತಿಲ್ಲ. ಕುಣಿಯುವವನು ಮೂಗಿನ ಹೊಳ್ಳೆಯಿಂದಲೇ ದಾರಿ ನೋಡಿಕೊಳ್ಳಬೇಕು. ರಾಜ್ಯ ಹುಟ್ಟಿದ ಕತೆಯನ್ನು ಮೂವರೂ ಕುಣಿದು ತೋರಿಸುತ್ತಾರೆ. ಹಿರಿಯರು ಸತ್ತಾಗಲೂ ಮುಖವಾಡ ಹೊರಗೆ ಬರುತ್ತದೆ. ರಾಣಿಯ ಕೆನ್ನೆಯ ಗೆರೆಗಳು ಕಣ್ಣೀರು. ಫಲಕದಲ್ಲಿದ್ದುದನ್ನೆಲ್ಲ ಅವ್ವನಿಗೆ ಓದಿ ಹೇಳಿ, "ರಾಣಿ ಮುಖವಾಡ ಹಾಕ್ಕೊಂಡು ಕುಣಿಯೋರು ಗಂಡಸ್ರು" ಎಂದೆ.

"ಅದ್ರಾಗೇನೈತಿ? ನಮ್ಮ ಯಲ್ಲಮ್ಮನ ಜೋಗಪ್ಪಗೋಳು ಸೀರಿ ಉಟ್ಟು ಕುಣಿಯಂಗಿಲ್ಲೇನು? ಇಕಿ ಮುಖಕ್ಕ ಕವಡಿ ಬ್ಯಾರೆ ಪೋಣ್ಸ್ಯಾರ" ಎಂದು ಅವ್ವ ಚಪ್ಪಲಿ ಬಿಟ್ಟು ಕೈಮುಗಿದಳು.

ನಾನು ಇಷ್ಟು ಹೇಳುವಷ್ಟರಲ್ಲಿ ಹೆಂಡತಿ ತಡೆದಳು. "ರೀ, ಚಪ್ಪಲಿ ಬಿಟ್ಟಿದ್ದು ನಮ್ಮಮ್ಮ. ಅತ್ತೆ ಅವತ್ತು ಬಂದೇ ಇರ್ಲಿಲ್ಲ."

"ಆ ಮಾತು ಹುಬ್ಬಳ್ಳಿದು. ನಿಮ್ಮಮ್ಮ ಮೈಸೂರಿನವ್ರು."

"ಆಕ್ಸೆಂಟ್ ನೀವೇ ಆಮೇಲೆ ಹಾಕಿರ್ತೀರ."

ಇದನ್ನು ತಳ್ಳಿಹಾಕಲು ನನಗಾಗಲಿಲ್ಲ. ನೆನಪೆಂಬುದು ಪ್ರತಿ ಸಲ ಹೊಸದಾಗಿ ಕಟ್ಟಿದ್ದು ಎಂದು ಊಟಕ್ಕೆ ಬಂದವರಿಗೆಲ್ಲ ಹೇಳುವವನು ನಾನೇ. ಈ ಒಂದನ್ನು ಮಾತ್ರ ಆ ಲೆಕ್ಕದಿಂದ ಹೊರಗಿಟ್ಟಿದ್ದೆ. ಇದೂ ಹೋದರೆ ಇಲ್ಲಿನ ಅವ್ವ ನನ್ನಲ್ಲಿ ಉಳಿಯುವುದಿಲ್ಲ.

"ಜಸ್ಟ್ ಆಸ್ಕ್ ಅಜ್ಜಿ" ಎಂದಳು ಮಗಳು, ಫೋನಿನಿಂದ ತಲೆಯೆತ್ತದೆ.

ಮರುದಿನ ಬೆಳಿಗ್ಗೆ ಮೈಸೂರಿಗೆ ವಿಡಿಯೋ ಕಾಲ್ ಮಾಡಿದೆವು. ಹೆಂಡತಿಯ ತಾಯಿ ಅವರೆಕಾಯಿ ಸುಲಿಯುತ್ತಿದ್ದರು.

"ನಾನೆಲ್ಲಿ ಬಿಟ್ಟೆ? ಬಿಟ್ಟಿದ್ದು ಬೀಗಿತ್ತಿಯವರು. ಇವಳಿಗೇನು ಗೊತ್ತು, ಬಾಣಂತಿ, ಮನೇಲಿದ್ಲು. ಒಬ್ಳನ್ನೇ ಬಿಟ್ಟು ಬಂದ್ವಲ್ಲ ಅಂತ ನಾನು ಒದ್ದಾಡ್ತಿದ್ದೆ."

ನಾನು ಹೆಂಡತಿಯ ಕಡೆ ನೋಡಿದೆ. ಅವಳ ತಾಯಿ ಇನ್ನೂ ಮುಗಿಸಿರಲಿಲ್ಲ.

"ಆದ್ರೆ ಮೊದಲು ಶೂ ಬಿಚ್ಚಿದ್ದು ನೀವು, ಅಳಿಯಂದ್ರೇ. ನಿಮ್ಮನ್ನ ನೋಡಿ ಅವರು ಬಿಟ್ರು. ಗಾರ್ಡ್ ಬಂದಾಗ ಸಾಕ್ಸ್ ಸರಿ ಮಾಡ್ಕೊಳ್ತಿದ್ದೆ ಅಂದ್ರಿ."

ಕಾಲ್ ಮುಗಿಯಿತು. ಅವ್ವ ಇರುವ ಭಾಗವನ್ನು ಒಪ್ಪಬಹುದು, ಶೂ ಭಾಗಕ್ಕೆ ಪುರಾವೆ ಸಾಲದು ಎಂದು ನಾನು ಹೇಳಿದೆ.

"ಎರಡನ್ನೂ ಹೇಳಿದ್ದು ಒಬ್ರೇ" ಎಂದಳು ಹೆಂಡತಿ. "ಇಟ್ಕೊಂಡ್ರೆ ಎರಡೂ ಇಟ್ಕೊಳ್ಳಿ, ಬಿಟ್ರೆ ಎರಡೂ ಬಿಡಿ."

ಸ್ವಲ್ಪ ಯೋಚಿಸಿ, ಎರಡನ್ನೂ ಇಟ್ಟುಕೊಂಡೆ.