ಸಿಸ್ಟರ್ ಕಟ್ಟಿದ ಕೈ

ಎಚ್ಚರವಾದಾಗ ನನ್ನ ಎರಡೂ ಕೈಗಳನ್ನು ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟಿದ್ದರು. ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಆಗಿದ್ದಷ್ಟೇ ನೆನಪಿತ್ತು. "ನಾ ಏನ್ ಕಳವು ಮಾಡೇನಿ? ಲಗೂ ಬಿಚ್ಚವಾ!" ಎಂದು ಸಿಸ್ಟರ್ ಮೇಲೆ ಚೀರಾಡಿದೆ. ದೊಡ್ಡ ಡಾಕ್ಟರಿಗೆ ದೂರು ಕೊಡುತ್ತೇನೆಂದೂ ಹೆದರಿಸಿದೆ.

ಆಕೆ ಗಂಟು ಬಿಚ್ಚುತ್ತಲೇ ತನ್ನ ಕೈಗೆ ಸುತ್ತಿದ್ದ ಪಟ್ಟಿ ತೋರಿಸಿದಳು. "ಕಾಕಾರ, ಜ್ವರದಾಗ ನಿಮಗ ಖಬರ ಇರಲಿಲ್ರಿ. ಸಲೈನ್ ಕಿತ್ತು ಒಗದ್ರಿ. ಹಿಡ್ಯಾಕ ಬಂದ್ರ ಕಚ್ಚಿದ್ರಿ. ಕಟ್ಟಾಕ ನನಗೂ ಮನಸ್ಸಿರಲಿಲ್ಲ. ನಮ್ಮಪ್ಪನ ವಯಸ್ಸಿನವ್ರು ನೀವು."

ನನಗೆ ನೋವಾಗಬಾರದೆಂದು ಒಳಗೆ ದಪ್ಪಗೆ ಹತ್ತಿ ಇಟ್ಟೇ ಕಟ್ಟಿದ್ದಳು. ನಾಚಿಕೆಯಿಂದ ಚಾದರವನ್ನು ಮುಖದವರೆಗೆ ಎಳೆದುಕೊಂಡೆ.

ಬ್ಯಾಡಗಿಯ ನಮ್ಮ ಓಣಿಯಲ್ಲಿ ನನಗೆ ಬಲು ಸೌಮ್ಯ ಮನುಷ್ಯನೆಂಬ ಹೆಸರಿದೆ. ಈಗ ಯಾರಾದರೂ ಹಾಗೆ ಹೊಗಳಿದರೆ ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದು ಒಳಗೆ ಓಡುತ್ತಾಳೆ.