ಸೂರ್ಯ ಹುಟ್ಟುವ ಮೊದಲಿನ ಇಂಜೆಕ್ಷನ್

ಬೇರೆಯವರು ಬರೆದು ಬಿಟ್ಟುಹೋದ ಕೋಡ್ ಓದುವುದೆಂದರೆ ನನಗೆ ಮೊದಲಿನಿಂದಲೂ ಸಿಟ್ಟು. ಬರೆಯುವಾಗ ಅವರ ತಲೆಯಲ್ಲಿ ಏನಿತ್ತೆಂದು ಹೇಳಲು ಯಾರೂ ಉಳಿದಿರುವುದಿಲ್ಲ. ನಂತೂರಿನ ನಮ್ಮ ಕಚೇರಿಯಲ್ಲಿ ಹಾಗೆ ನನ್ನ ಪಾಲಿಗೆ ಬಂದದ್ದು ಆಸ್ಪತ್ರೆಗಾಗಿ ಬರೆದ ಒಂದು ಸಾಫ್ಟ್‌ವೇರ್. ಬರೆದವರು ಅರ್ಚಕರ ಮನೆತನದವರು. ತಂದೆಗೆ ಕೈಲಾಗದೆ ಹೋದಾಗ ಕೆಲಸ ಬಿಟ್ಟು, ಬಜಪೆಯ ಹತ್ತಿರದ ತಮ್ಮ ದೇವಸ್ಥಾನದಲ್ಲಿ ಪೂಜೆಗೆ ನಿಂತರು. ಅವರ ಮನೆಮಾತು ತುಳು, ನನ್ನದು ಕೊಂಕಣಿ. ನಮ್ಮ ಮಾತೆಲ್ಲ ಕನ್ನಡದಲ್ಲಿ. ಹೋಗುವ ದಿನ ಅವರು ಹೇಳಿದ್ದು ಇಷ್ಟೇ: "ಎಲ್ಲ ಸರಿ ಉಂಟು. ಸುಮ್ಮನೆ ಮುಟ್ಲಿಕ್ಕೆ ಹೋಗ್ಬೇಡಿ."

ಆ ಮಾತು ಕೇಳಿದ ಮೇಲೆ ಮುಟ್ಟದೆ ಇರುವವಳು ನಾನಲ್ಲ.

ಫಳ್ನೀರಿನ ಒಂದು ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿಗೆ ಸೋಮವಾರ ಅದನ್ನು ಹಾಕುವುದೆಂದು ನಿಶ್ಚಯವಾಗಿತ್ತು. ಯಾವ ಮಗುವಿಗೆ ಇವತ್ತಿನ ಔಷಧಿ ಕೊಟ್ಟಾಗಿದೆ, ಯಾವ ಮಗುವಿಗೆ ಬಾಕಿ ಇದೆ ಎಂದು ನರ್ಸಿಗೆ ತೋರಿಸುವುದು ಅದರ ಕೆಲಸ. ಕೊಟ್ಟಿದ್ದರೆ ಹಸಿರು, ಬಾಕಿ ಇದ್ದರೆ ಕೆಂಪು. ಮೇಲಿಂದ ನೋಡಿದರೆ ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಆದರೂ ನಾನು ಯೂನಿಟ್ ಟೆಸ್ಟ್ ಬರೆಯಲು ಕೂತೆ. ಅಂಗಡಿಯಲ್ಲಿ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವಲ್ಲ, ಅಂಥದೇ ಕೆಲಸ ಇದು. ಕೋಡಿನ ಸಣ್ಣ ಸಣ್ಣ ತುಂಡುಗಳನ್ನು ಬೇರೆ ಬೇರೆಯಾಗಿ ತೆಗೆದು, ಇದನ್ನು ಕೊಟ್ಟರೆ ಇದೇ ಬರಬೇಕು ಎಂದು ಕೇಳುತ್ತಾ ಹೋಗುವುದು. ನಮ್ಮ ಬಾಸಿಗೆ ಇದರಲ್ಲಿ ನಂಬಿಕೆ ಕಡಿಮೆ.

"ಎಂತ ಮಾರಾಯ್ತಿ, ನೀನು ಹೀಗೆ ಟೆಸ್ಟ್ ಬರೀತಾ ಕೂತ್ರೆ ಇನ್‌ಸ್ಟಾಲ್ ಮಾಡುವುದು ಯಾವಾಗ?" ಎಂದು ದಿನಾ ಬಂದು ಕೇಳುತ್ತಿದ್ದರು. ಕೇಳಲಿ ಎಂದು ನಾನು ಬರೆಯುತ್ತಲೇ ಇದ್ದೆ.

ಟೆಸ್ಟಿಗೆಂದು ಒಂದು ಮಗುವನ್ನು ಕಲ್ಪಿಸಿಕೊಂಡೆ. ದಿನಕ್ಕೆ ಒಂದೇ ಇಂಜೆಕ್ಷನ್. ಅದನ್ನು ಬೆಳಗಿನ ಜಾವ ಐದಕ್ಕೆ ಕೊಟ್ಟಾಯಿತು ಎಂದು ದಾಖಲಿಸಿದೆ. ಎಂಟು ಗಂಟೆಗೆ ಪರದೆ ಹಸಿರು ತೋರಿಸಬೇಕು. ಕೆಂಪು ತೋರಿಸಿತು. ಹೊತ್ತು ಬದಲಿಸಿ, ತಿಂಗಳು ಬದಲಿಸಿ ನೋಡಿದೆ. ಸೂರ್ಯೋದಯದ ನಂತರ ಕೊಟ್ಟದ್ದೆಲ್ಲ ಸರಿಯಾಗಿತ್ತು. ಅದಕ್ಕಿಂತ ಮೊದಲು ಕೊಟ್ಟದ್ದೆಲ್ಲ ಹಿಂದಿನ ದಿನಕ್ಕೆ ಸೇರುತ್ತಿತ್ತು. ಹಗಲಿನ ಪಾಳಿಗೆ ಬಂದ ನರ್ಸ್ ಆ ಕೆಂಪನ್ನು ನಂಬಿದರೆ ಮಗುವಿಗೆ ಅದೇ ಇಂಜೆಕ್ಷನ್ ಎರಡನೇ ಸಲ ಬೀಳುತ್ತದೆ. ಅಷ್ಟು ಸಣ್ಣ ಮೈಯ ಕಿಡ್ನಿ ಅದನ್ನು ತಡೆಯುವುದು ಕಷ್ಟ.

ಆ ತುಂಡನ್ನು ಹಿಡಿದು ಹುಡುಕಿದಾಗ ಮೂಲ ಸಿಕ್ಕಿತು. ಇದೇ ಮನುಷ್ಯ ಹಿಂದೊಮ್ಮೆ ದೇವಸ್ಥಾನಗಳ ಸೇವೆ ಬುಕಿಂಗಿಗೆ ಸಾಫ್ಟ್‌ವೇರ್ ಬರೆದಿದ್ದರು. ದಿನ ಲೆಕ್ಕ ಹಾಕುವ ಭಾಗವನ್ನು ಅಲ್ಲಿಂದ ಎತ್ತಿ ಇಲ್ಲಿಗೆ ತಂದಿದ್ದರು. ಪಂಚಾಂಗದಲ್ಲಿ ದಿನ ಬದಲಾಗುವುದು ಸೂರ್ಯ ಹುಟ್ಟಿದಾಗ, ಆಸ್ಪತ್ರೆಯಲ್ಲಿ ನಡುರಾತ್ರಿಗೆ. ದೇವಸ್ಥಾನದಲ್ಲಿ ಸರಿಯಾಗಿದ್ದ ಕೋಡ್ ಒಂದಕ್ಷರವೂ ಬದಲಾಗದೆ ಆಸ್ಪತ್ರೆಗೆ ಬಂದು ತಪ್ಪಾಗಿತ್ತು. ಅದೇ ಭಾಗವನ್ನು ಇದರೊಳಗೆ ಇನ್ನೂ ಎಲ್ಲೆಲ್ಲಿ ಸೇರಿಸಿದ್ದಾರೋ ಎಂದು ಕೇಳಲು ಅವರಿಗೇ ಫೋನ್ ಮಾಡಿದೆ. ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳಬೇಕೆಂದೂ ಇತ್ತು.

"ಪೂಜೆಯಲ್ಲಿದ್ದೀರಾ?" ಎಂದೆ.

"ಪೂಜೆ ಎಂತದು, ಹೆರಿಗೆಯ ಸೂತಕ ಅಲ್ವಾ? ಗರ್ಭಗುಡಿಗೆ ಹೋಗುವ ಹಾಗಿಲ್ಲ. ಮಗಳು ಹುಟ್ಟಿದ್ದಾಳೆ, ದಿನ ತುಂಬುವ ಮೊದಲೇ. ಇಲ್ಲೇ ಫಳ್ನೀರಲ್ಲಿದ್ದೇನೆ."

ಅವರು ಹೇಳಿದ್ದು ಅದೇ ಆಸ್ಪತ್ರೆಯ ಹೆಸರು. ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟೆ. ತರಾಟೆಯ ಮಾತುಗಳನ್ನು ದಾರಿಯಲ್ಲಿ ಒಂದೊಂದಾಗಿ ಕೈಬಿಟ್ಟೆ. ಹೇಳದೆಯೇ ಸರಿಪಡಿಸಿಬಿಡಲೇ ಎಂದೂ ಯೋಚನೆ ಬಂತು. ಆದರೆ ಆ ಭಾಗವನ್ನು ಎಲ್ಲೆಲ್ಲಿ ಸೇರಿಸಿದ್ದಾರೆಂದು ಅವರೊಬ್ಬರಿಗೇ ಗೊತ್ತು.

ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಗಡ್ಡ ಬೆಳೆದಿತ್ತು. ನಾನು ಟೆಸ್ಟ್ ಓಡಿಸಿ ತೋರಿಸಿದೆ.

"ಸರಿಯೇ ಉಂಟಲ್ಲ," ಎಂದರು. "ಸೂರ್ಯ ಹುಟ್ಟದೆ ಹೊಸ ದಿನ ಹೇಗೆ ಬರ್ತದೆ?"

"ಇದು ಸೇವೆಯ ಬುಕಿಂಗ್ ಅಲ್ಲ, ಸರ್. ಐದು ಗಂಟೆಗೆ ಇಂಜೆಕ್ಷನ್ ಕೊಟ್ಟಾಗಿದೆ. ಎಂಟು ಗಂಟೆಗೆ ಬಂದ ನರ್ಸಿಗೆ ಬಾಕಿ ಅಂತ ತೋರಿಸ್ತದೆ."

ಅವರು ಪರದೆಯನ್ನೇ ನೋಡುತ್ತಾ ಕೂತರು. ಅರ್ಥವಾಗುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. ಗೆದ್ದೆ ಎಂದು ನನಗೆ ಅನ್ನಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ಎಳೆದುಕೊಂಡು, ಆ ಭಾಗವನ್ನು ಎಲ್ಲೆಲ್ಲಿ ಬಳಸಿದ್ದಾರೋ ಅವನ್ನೆಲ್ಲ ತೆರೆದು ತೋರಿಸುತ್ತಾ ಹೋದರು. ಆಮೇಲೆ ತಲೆ ಎತ್ತದೆ ಕೇಳಿದರು: "ಇಲ್ಲಿ ಇನ್ನೂ ಹಾಕಿಲ್ಲ ತಾನೇ?"

"ಇಲ್ಲ. ಸೋಮವಾರ. ಸರಿಮಾಡಿದ ಮೇಲೆಯೇ."

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, ಮಗು ಹಾಲು ಕುಡಿದು ಮಲಗಿದೆ, ಬೆಳಿಗ್ಗೆ ಐದಕ್ಕೇ ಇಂಜೆಕ್ಷನ್ ಆಗಿದೆ ಎಂದು ಹೇಳಿದರು. ಅರ್ಚಕರು ಲ್ಯಾಪ್‌ಟಾಪನ್ನು ನನ್ನ ಮಡಿಲಿಗಿಟ್ಟು ಎದ್ದು ನಿಂತರು. ತಾವು ಬರೆದದ್ದನ್ನು ಎರಡನೇ ಸಲ ತಿರುಗಿ ನೋಡದ ಮನುಷ್ಯ ಅವರು.

"ಇವತ್ತಿನದ್ದು ಕೊಟ್ಟಾಯ್ತಲ್ಲ ಸಿಸ್ಟರ್?"

"ಆಯ್ತು ಸರ್."

"ಇನ್ನು ಇವತ್ತು ಕೊಡುವುದಿಲ್ಲ ಅಲ್ವಾ?"

"ಇಲ್ಲ ಸರ್, ನಾಳೆಯೇ."

ನರ್ಸ್ ಬಾಗಿಲು ಮುಚ್ಚಲು ಹೊರಟರು. ಅರ್ಚಕರು ಬಾಗಿಲಿಗೆ ಕೈ ಅಡ್ಡ ಇಟ್ಟು ಮತ್ತೆ ಕೇಳಿದರು: "ನಾಳೆ ಅಂದ್ರೆ ಯಾವಾಗ, ಸಿಸ್ಟರ್?"