ಖಾಲಿ ಕಾರ್ಡಿನ ಊರು

ಚಿಕ್ಕಹನುಮಯ್ಯನದು ಕೈ ಮೊದಲು, ಮಾತು ಆಮೇಲೆ. ಗುಬ್ಬಿಯಾಚೆಯ ಹಿರೇಕಟ್ಟೆಯಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನ ತಮ್ಮ ಅಂಜನಮೂರ್ತಿ. ಎತ್ತು ಮೊಂಡುಬಿದ್ದರೆ ಎತ್ತಿಗೆ ಏಟು, ಎತ್ತು ಕೈಗೆ ಸಿಗದಿದ್ದರೆ ತಮ್ಮನಿಗೆ. ಅಪ್ಪ ಸತ್ತ ಮೇಲೆ ಅದೇ ಕೈ ದುಡಿದು ತಮ್ಮನನ್ನು ತುಮಕೂರಿಗೂ ಅಲ್ಲಿಂದ ಬೆಂಗಳೂರಿಗೂ ಓದಲು ಕಳಿಸಿತ್ತು. ಹಾಗಾಗಿ ಅಣ್ಣನನ್ನು ನೆನೆದರೆ ಅಂಜನಮೂರ್ತಿಗೆ ಪ್ರೀತಿ ಯಾವುದು, ಭಯ ಯಾವುದು ಎಂದು ಬೇರೆ ಮಾಡಲಾಗುತ್ತಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತೇಳರ ಮಾತು. ಅಂಜನಮೂರ್ತಿ ತುಮಕೂರಿನ ಉಪ್ಪಾರಹಳ್ಳಿಯ ಬಾಡಿಗೆ ಕೋಣೆಯಲ್ಲಿದ್ದ. ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತ, ಪಿಎಚ್.ಡಿ.ಗೆ ಸಂಶೋಧನೆ ಮಾಡುತ್ತಿದ್ದ. ಬೆಂಗಳೂರಿನ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದಕ್ಕೆ ಹೊಸದಾಗಿ ಬಂದಿದ್ದ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಕೆಲಸ ಅದು. ಒಂದು ಕೆರೆಯ ನೀರನ್ನು ಅದರ ನೀರುಣ್ಣುವ ಅಚ್ಚುಕಟ್ಟಿನ ಊರುಗಳಿಗೆ ಸರದಿಯ ಮೇಲೆ ಹಂಚುವುದು ಹೇಗೆ ಎಂಬುದು ವಿಷಯ. ಊರಿಗೊಂದು ರಟ್ಟಿನ ಕಾರ್ಡು. ಆ ಊರಿನ ಗದ್ದೆಯ ಅಳತೆಯನ್ನು ಕಾರ್ಡಿನಲ್ಲಿ ತೂತುಗಳಾಗಿ ಹೊಡೆಯಬೇಕು. ಯಂತ್ರ ಆ ತೂತುಗಳನ್ನು ಓದಿ, ಯಾವ ಊರಿಗೆ ಎಷ್ಟು ನೀರು ಎಂದು ಅಚ್ಚುಮಾಡಿ ಕೊಡುತ್ತಿತ್ತು.

ಮಾದರಿಗೆ ಅವನು ತನ್ನೂರ ಕೆರೆಯನ್ನೇ ಹಿಡಿದಿದ್ದ. ಏರಿಯ ಮಗ್ಗುಲಲ್ಲೇ ಹಿರೇಕಟ್ಟೆ; ಕಾಲುವೆಯ ಕೊನೆಗೆ ತಿಮ್ಮನಪಾಳ್ಯ. ಹಿರೇಕಟ್ಟೆಯ ಗದ್ದೆಗಳನ್ನು ಸರಪಳಿ ಹಿಡಿದು ಅಳೆದದ್ದಾಗಿತ್ತು. ಪಾಳ್ಯದ್ದನ್ನು ಅಳೆಯಲು ಹೋದ ದಿನ, ಅಲ್ಲಿಗೆ ಕೊಟ್ಟಿದ್ದ ಅಕ್ಕ ಹೊಂಬಾಳಮ್ಮ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಭಾವ ಯಲ್ಲಯ್ಯ ಜಗುಲಿಯ ಮೇಲೆ ಚಾಪೆ ಹಾಸಿ, "ಗದ್ದೆ ಎಲ್ಗೂ ಓಡೋಗಲ್ಲ ಕಣಪ್ಪ, ಮಲಿಕ್ಕೋ" ಎಂದ. ಅಂಜನಮೂರ್ತಿ ಮಲಗಿದ. ಸರಪಳಿ ಚೀಲದಲ್ಲೇ ಉಳಿಯಿತು.

ಅಷ್ಟರಲ್ಲಿ ಯಂತ್ರದ ಪಾಳಿ ಸಿಕ್ಕಿತು. ಪ್ರೋಗ್ರಾಂ ಓಡುತ್ತದೋ ಇಲ್ಲವೋ ನೋಡಿದರೆ ಸಾಕೆಂದು, ಪಾಳ್ಯದ ಕಾರ್ಡಿನಲ್ಲಿ ಊರ ಹೆಸರು ಮಾತ್ರ ಹೊಡೆದು, ಅಳತೆಯ ಜಾಗವನ್ನು ಖಾಲಿ ಬಿಟ್ಟು ಕೊಟ್ಟ. ಖಾಲಿ ಜಾಗವನ್ನು ಯಂತ್ರ ಸೊನ್ನೆ ಎಂದು ಓದುತ್ತದೆ. ಅದು ಅವನಿಗೆ ಗೊತ್ತಿತ್ತು.

ಭಾನುವಾರ ಅಚ್ಚಾದ ಹಾಳೆಯನ್ನು ಊರಿಗೆ ತಂದ. ಚಿಕ್ಕಹನುಮಯ್ಯ ಕೈಯನ್ನು ಪಂಚೆಗೆ ಒರೆಸಿಕೊಂಡು ಅದನ್ನು ಮುಟ್ಟಿದ.

"ಏನ್ಲಾ ಹೇಳ್ತದೆ ನಿನ್ ಮಿಷನ್ನು?"

"ನೀರೆಲ್ಲ ಹಿರೇಕಟ್ಟೇಗೆ ಅಂತದೆ ಕಣಣ್ಣ."

"ಪಾಳ್ಯಕ್ಕೆ?"

"ಸೊನ್ನೆ." ಅಂಜನಮೂರ್ತಿ ನಕ್ಕ. "ಇದು ಸುಮ್ನೆ ಪರೀಕ್ಷೆಗೆ ಹಾಕಿದ್ದು…"

"ಗೌರ್ಮೆಂಟ್ ಮಿಷನ್ ತಾನೆ? ಸುಳ್ಳೇಳ್ತದಾ?" ಅಣ್ಣ ಬಾಗಿಲಿಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಿದ. "ನೋಡ್ರೋ! ನಮ್ ಅಂಜ್ನಿ ಬರ್ಸವ್ನೆ!"

ಹುಟ್ಟಿದಂದಿನಿಂದ ಅಣ್ಣ ಅವನನ್ನು ಹಾಗೆ ಮೆರೆಸಿದ್ದಿಲ್ಲ. ಕಾರ್ಡು ಖಾಲಿಯಿತ್ತು ಎಂಬುದನ್ನು ಅಂಜನಮೂರ್ತಿ ಹೇಳಲಿಲ್ಲ. ಮುಂದಿನ ಸಲ ಬಂದಾಗ ಹೇಳಿದರಾಯಿತು ಎಂದುಕೊಂಡು ಸಂಜೆಯ ಬಸ್ಸು ಹತ್ತಿದ.

ಮರುದಿನ ಪಾಳ್ಯದ ಸರದಿ. ಕಾಲುವೆಗೆ ನೀರು ಬಿಡುವ ತೂಬು ಎತ್ತಿಸಲು ಬಂದ ಯಲ್ಲಯ್ಯನ ಮುಖಕ್ಕೆ ಚಿಕ್ಕಹನುಮಯ್ಯ ಹಾಳೆಯನ್ನು ಹಿಡಿದ. "ನಿಮ್ಗೆ ನೀರಿಲ್ಲ, ನಡಿ!" ಯಲ್ಲಯ್ಯ ಹಾಳೆಯನ್ನು ತಳ್ಳಿ, "ಭತ್ತ ಹೊಡೆಗೆ ಬಂದದೆ, ನೀರಿಲ್ದೆ ತೆನೆ ಕಟ್ಟಲ್ಲ, ತಮಾಸೆ ಬುಡು" ಎಂದು ತೂಬಿನ ಗೂಟಕ್ಕೆ ಕೈಹಾಕಿದ. ಹಿಂದಿನಿಂದ ಚಿಕ್ಕಹನುಮಯ್ಯನ ಗುದ್ದಲಿ ಬಿತ್ತು. ಮೊದಲ ಏಟಿಗೆ ಯಲ್ಲಯ್ಯ ಮಂಡಿಯೂರಿದ, ಎರಡನೆಯದಕ್ಕೆ ಅಂಗಾತ ಉರುಳಿದ. ಬಿದ್ದವನನ್ನೂ ಬಿಡದೆ ಅವನ ಭಾಮೈದ ಹೊಡೆದ.

ತುಮಕೂರಿನ ಆಸ್ಪತ್ರೆಗೆ ಅಂಜನಮೂರ್ತಿ ಓಡಿದಾಗ ಹೊಂಬಾಳಮ್ಮನ ಸೆರಗಿನಲ್ಲಿ ರಕ್ತ ಒಣಗಿ ಬಿರುಸಾಗಿತ್ತು. ಒಳಗೆ ಯಲ್ಲಯ್ಯನಿಗೆ ಪ್ರಜ್ಞೆಯಿರಲಿಲ್ಲ.

"ನಿನ್ ಕಾಗ್ದ ತೋರ್ಸಿ ಹೊಡ್ದ ಕಣೋ," ಎಂದಳು ಅಕ್ಕ. "ಯಾಕ್ಲಾ, ನಮ್ ಗದ್ದೆ ನಿನ್ ಕಣ್ಣಿಗೆ ಕಾಣ್ನಿಲ್ವಾ? ಅಲ್ಲೇ ಉಂಡು ಮಲ್ಗಿದ್ಯಲ್ಲ!"

"ಅಕ್ಕ, ನಾನು ಅಳೀಲಿಲ್ಲ. ಖಾಲಿ ಬಿಟ್ಟಿದ್ದೆ."

ಅವಳು ಊರ ದಿಕ್ಕಿಗೆ ಕೈ ತೋರಿಸಿದಳು. "ಹಂಗಂತ ಹೋಗಿ ಅಲ್ಲೇಳು. ನಂಗ್ಯಾಕೇಳ್ತೀಯ?"

ಅವನು ಕೆರೆಯ ಏರಿಯನ್ನು ತಲುಪುವಷ್ಟರಲ್ಲಿ ಎರಡೂ ಊರು ಎದುರುಬದುರು ನಿಂತಿದ್ದವು. ಆ ಕಡೆ ಕುಡುಗೋಲು, ಈ ಕಡೆ ದೊಣ್ಣೆ. ನಡುವೆ ಪಂಚಾಯ್ತಿಯ ಹಿರಿಯ ಚನ್ನಬಸವಯ್ಯನವರು ಕೈಯೆತ್ತಿ ಬೇಡಿಕೊಳ್ಳುತ್ತಿದ್ದರು. ಚಿಕ್ಕಹನುಮಯ್ಯ ತಮ್ಮನ ತೋಳು ಹಿಡಿದು ಪಕ್ಕಕ್ಕೆಳೆದ.

"ಮಿಷನ್ ಹೇಳ್ತು ಅನ್ನು. ಅಷ್ಟೇಯ. ಇಲ್ದಿದ್ರೆ ನಾನು ಕೊಲೆಗಾರ, ನೀನು ನನ್ ತಮ್ಮ ಅಲ್ಲ."

"ಏನಪ್ಪ ಅಂಜನಮೂರ್ತಿ," ಎಂದರು ಚನ್ನಬಸವಯ್ಯನವರು, "ಪಾಳ್ಯಕ್ಕೆ ನೀರಿಲ್ಲ ಅಂತ ನಿನ್ನ ಯಂತ್ರ ಹೇಳ್ತೇನು?"

"ಇಲ್ಲ ಬುದ್ದಿ. ಪಾಳ್ಯದಲ್ಲಿ ಎಷ್ಟು ಗದ್ದೆ ಅದೆ ಅಂತ ನಾನು ಅದಕ್ಕೆ ಹೇಳೇ ಇರ್ಲಿಲ್ಲ. ಹೇಳ್ದಿದ್ದನ್ನ ಅದು ಇಲ್ಲ ಅಂತ ತಿಳ್ಕಳ್ತದೆ. ನಮ್ಮಣ್ಣನಿಗೂ ನಾನು ಹೇಳ್ಲಿಲ್ಲ. ಹೊಗಳ್ತಾ ಇದ್ದ, ಸುಮ್ನಿದ್ಬುಟ್ಟೆ. ಆ ಹಾಳೆ ಹರಿದಾಕಿ. ನೀರು ಪಾಳ್ಯದ್ದು."

ಮಾತು ಮುಗಿಯುವ ಮೊದಲೇ ದೊಣ್ಣೆ ಅವನ ಬಲಗೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಎದುರಿದ್ದವರಿಗೂ ಕೇಳಿಸಿತು. "ಓದ್ಸಿದ್ ಕೈನೇ ಕಚ್ತೀಯಾ?" ಅಣ್ಣ ಒದೆಯುತ್ತಿದ್ದ, ಅಳುತ್ತಲೂ ಇದ್ದ. ಪಾಳ್ಯದವರ ಕುಡುಗೋಲುಗಳು ನಿಧಾನವಾಗಿ ಕೆಳಗಿಳಿದವು. ತಮಗಾಗಿ ಒಬ್ಬ ಒದೆ ತಿನ್ನುತ್ತಿರುವಾಗ ಅವರು ಇನ್ನಾರನ್ನು ಹೊಡೆಯಬೇಕು? ಹಿರೇಕಟ್ಟೆಯವರೇ ಮುಂದೆ ಬಂದು ಚಿಕ್ಕಹನುಮಯ್ಯನನ್ನು ಕಟ್ಟಿಹಾಕಿದರು. ಸರದಿ ನೋಡಿಕೊಳ್ಳುವ ನೀರುಗಂಟಿ ತೂಬು ಎತ್ತಿದ.

ಮುಂದೆ ಅಂಜನಮೂರ್ತಿ ಎಡಗೈಯಲ್ಲಿ ಕಾರ್ಡು ಹೊಡೆಯುವುದನ್ನು ಕಲಿತ. ಅಳತೆ ಖಾಲಿಯಿದ್ದರೆ ಲೆಕ್ಕ ಮಾಡದೆ ಯಂತ್ರ ನಿಂತುಬಿಡಬೇಕು ಎಂದು ಪ್ರೋಗ್ರಾಮಿನಲ್ಲಿ ಬರೆದ. ಯಂತ್ರದ ಹೊತ್ತು ದಂಡವಾಗುತ್ತದೆ, ಅದನ್ನು ಕಿತ್ತುಹಾಕಿ ಎಂದರು ಮಾರ್ಗದರ್ಶಕರು. ಅವನು ಕಿತ್ತುಹಾಕಲಿಲ್ಲ, ಪದವಿ ತಡವಾಯಿತು. ಅಣ್ಣನ ವಿಚಾರಣೆಯಲ್ಲೂ ಏರಿಯ ಮೇಲೆ ಹೇಳಿದ್ದನ್ನೇ ಹೇಳಿದ. ಅವೆಲ್ಲ ಆಮೇಲಿನ ಮಾತು.

ಆ ದಿನ, ನೀರು ಪಾಳ್ಯದ ಕಾಲುವೆಗೆ ತಿರುಗಿದ ಹೊತ್ತಿಗೆ ಹೊಂಬಾಳಮ್ಮ ಗುಬ್ಬಿ ರಸ್ತೆಯಲ್ಲಿ ಬಸ್ಸಿಳಿದು ಒಬ್ಬಳೇ ನಡೆದು ಬಂದಳು. ಯಾರೊಂದಿಗೂ ಮಾತಾಡಲಿಲ್ಲ. ಕಟ್ಟಿಹಾಕಿದ್ದ ಅಣ್ಣನನ್ನೂ ಮಣ್ಣಲ್ಲಿ ಬಿದ್ದಿದ್ದ ತಮ್ಮನನ್ನೂ ದಾಟಿ ಏರಿ ಇಳಿದಳು. ತನ್ನ ಗದ್ದೆಯ ಬದುವನ್ನು ಬರಿಗೈಯಲ್ಲಿ ಬಗೆದು ನೀರನ್ನು ಒಳಗೆ ಬಿಟ್ಟುಕೊಂಡಳು. ಈ ಸರದಿ ತಪ್ಪಿದರೆ ಪೈರು ಉಳಿಯುವುದಿಲ್ಲ. ಕೊನೆಯ ಪಾತಿಗೆ ನೀರು ಮುಟ್ಟುವುದನ್ನು ನೋಡಿಕೊಂಡು, ಕೆಸರಲ್ಲೇ ಕೂತು, ಆಸ್ಪತ್ರೆಯಲ್ಲಿ ಗಂಡ ಸತ್ತನೆಂದು ಆಗ ಅತ್ತಳು.